ಮೂರು ಶಿಳ್ಳೆ, ಒಂದು ಠಣ್

ಸತ್ತ ಹಕ್ಕಿಗಳ ಕಾಲಿಗೆ ಮೂವತ್ತೊಂದು ವರ್ಷ ಚೀಟಿ ಕಟ್ಟಿದವಳನ್ನು ಜನ ಇನ್ನೇನೆಂದು ಕರೆದಾರು? ಚೀಟಿಯಮ್ಮ ಎಂದೇ ಕರೆದರು. ವಸ್ತುಸಂಗ್ರಹಾಲಯದ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರ ಬಾಯಲ್ಲೂ ಅದೇ ಹೆಸರು. ಅವಳಿಗೂ ಅದರಿಂದ ಬೇಸರವಿರಲಿಲ್ಲ.

ಅವಳ ಕೋಣೆ ಕಟ್ಟಡದ ಹಿಂಬದಿಯಲ್ಲಿತ್ತು. ನೆಲದಿಂದ ಸೂರಿನವರೆಗೆ ಮರದ ಕಪಾಟು, ಕಪಾಟಿನ ತುಂಬ ಅಗಲವಾದ ಡ್ರಾಯರುಗಳು. ಒಂದನ್ನು ಎಳೆದರೆ ಹತ್ತಿ ತುಂಬಿದ ಹಕ್ಕಿಗಳು ಸಾಲಾಗಿ ಅಂಗಾತ ಮಲಗಿರುತ್ತಿದ್ದವು, ಮದುವೆಮನೆಯಲ್ಲಿ ಉಂಡು ಒರಗಿದ ನೆಂಟರ ಹಾಗೆ. ಪ್ರತಿಯೊಂದರ ಕಾಲಿಗೂ ದಾರ, ದಾರದ ತುದಿಗೆ ಅವಳ ದುಂಡಕ್ಷರದ ಚೀಟಿ: ಯಾವ ಹಕ್ಕಿ, ಎಲ್ಲಿ ಸಿಕ್ಕಿತು, ಯಾವ ದಿನ. ಕೆಲಸಕ್ಕೆ ಸೇರಿದ ಮೊದಲ ವಾರ ಹಳೆಯ ಮೇಲಧಿಕಾರಿ ಹೇಳಿದ ಮಾತು ಅವಳ ತಲೆಯಲ್ಲಿ ಕಲ್ಲಿನ ಮೇಲೆ ಕೊರೆದಂತೆ ಉಳಿದಿತ್ತು. "ತಾರೀಖಿಲ್ಲದ ಹಕ್ಕಿ ಬರೀ ಪುಕ್ಕ ಕಣಮ್ಮ," ಎಂದಿದ್ದರು ಅವರು.

ಒಂದು ಗರಿ ತೋರಿಸಿದರೆ ಸಾಕು, ಇದು ಇಂಥ ಹಕ್ಕಿಯದು, ಗಂಡೋ ಹೆಣ್ಣೋ, ಎಷ್ಟು ವಯಸ್ಸು ಎಂದು ಹೇಳಬಲ್ಲವಳು. ಆದರೆ ದನಿ ಕೇಳಿ ಹೇಳು ಎಂದರೆ ಮುಗಿಯಿತು. ಕಾಗೆಯೊಂದನ್ನು ಬಿಟ್ಟು ಉಳಿದ ಹಕ್ಕಿಗಳೆಲ್ಲ ಅವಳ ಕಿವಿಗೆ ಒಂದೇ. ಅಣ್ಣನದು ಇದಕ್ಕೆ ತಿರುವುಮುರುವು. ಅವನು ಗೋಡೆಗೆ ಬಣ್ಣ ಹಚ್ಚುವವನು. ಮೂರಂತಸ್ತಿನ ಎತ್ತರದಲ್ಲಿ ಹಲಗೆಯ ಮೇಲೆ ಕೂತು ಕುಂಚ ಆಡಿಸುತ್ತ, ಸುತ್ತಲಿನ ಹಕ್ಕಿಗಳಿಗೆಲ್ಲ ಅವುಗಳದೇ ದನಿಯಲ್ಲಿ ಶಿಳ್ಳೆ ಹಾಕಿ ಉತ್ತರ ಕೊಡುತ್ತಿದ್ದ. ಒಂದರ ಹೆಸರೂ ಅವನಿಗೆ ಗೊತ್ತಿರಲಿಲ್ಲ.

"ನಿನ್ನ ಹಕ್ಕಿಗಳಿಗೆ ಹೆಸರಿದೆ, ದನಿ ಇಲ್ಲ. ನನ್ನವಕ್ಕೆ ದನಿ ಇದೆ, ಹೆಸರಿಲ್ಲ," ಎಂದು ಅವನು ಛೇಡಿಸುತ್ತಿದ್ದ. "ಇಬ್ರೂ ಸೇರಿದ್ರೆ ಒಂದು ಪೂರ್ತಿ ಹಕ್ಕಿ ಆಗುತ್ತೆ ನೋಡು."

ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಣ್ಣ ತಂಗಿಯನ್ನು ತೋರಿಸುತ್ತಿದ್ದ, ತಂಗಿ ಅಣ್ಣನನ್ನು ತೋರಿಸುತ್ತಿದ್ದಳು. ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಹೀಗೇ ವರ್ಷಗಳು ಉರುಳಿದವು. ಸಂಜೆ ಅವಳು ಮೊದಲು ಬಂದು ಒಲೆ ಹಚ್ಚುತ್ತಿದ್ದಳು. ಆಮೇಲೆ ಕೆಳಗೆ, ಮೆಟ್ಟಿಲಿನ ಬುಡದಿಂದ, ಅಣ್ಣನ ಶಿಳ್ಳೆ ಕೇಳುತ್ತಿತ್ತು. ಮೂರೇ ಮೂರು ಸ್ವರ: ಒಂದು ಗಿಡ್ಡ, ಒಂದು ಮೇಲಕ್ಕೇರುವುದು, ಒಂದು ಉದ್ದಕ್ಕೆ ಎಳೆದು ನಿಲ್ಲುವುದು. 'ನಾನು ಬಂದೆ, ಬಾಗಿಲು ತೆಗಿ' ಎಂದು ಅದರ ಅರ್ಥ. ಚಿಕ್ಕಂದಿನಲ್ಲಿ ಅವನೇ ಕಟ್ಟಿದ ರಾಗ. ಅದಕ್ಕೆ ನಾಲ್ಕನೆಯ ಸ್ವರವನ್ನು ಒಳಗಿನಿಂದ ತಂಗಿ ಸೇರಿಸಬೇಕಿತ್ತು. ಅವಳಿಗೆ ಶಿಳ್ಳೆ ಹಾಕಲು ಬರುತ್ತಿರಲಿಲ್ಲ. ತುಟಿ ಮುಂದೆ ಮಾಡಿದರೆ ಬರೀ ಗಾಳಿ. ಹಾಗಾಗಿ ಚಮಚ ತೆಗೆದುಕೊಂಡು ಸ್ಟೀಲಿನ ಲೋಟಕ್ಕೆ ಒಂದೇಟು ಹಾಕುತ್ತಿದ್ದಳು: ಠಣ್. ಆ ಠಣ್ ಕೇಳುವವರೆಗೆ ಅಣ್ಣ ಮೆಟ್ಟಿಲು ಹತ್ತುತ್ತಿರಲಿಲ್ಲ. ಅವಳು ಬೇಕೆಂದೇ ತಡ ಮಾಡಿದರೆ ಮತ್ತೆ ಮತ್ತೆ ಶಿಳ್ಳೆ ಹಾಕಿ ಕೆಳಗಿನವರ ಬೈಗುಳ ತಿನ್ನುತ್ತಿದ್ದ.

ಹದಿನೈದು ತಿಂಗಳ ಹಿಂದೆ, ಜನವರಿಯ ಒಂದು ಬೆಳಿಗ್ಗೆ, ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ಅಣ್ಣ ಹಾಗೆಯೇ ಪಕ್ಕಕ್ಕೆ ವಾಲಿದ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು ಹೇಳಿದ ಮಾತು ಕೇಳದಾದವು, ಬಾಯಿಯ ಬಲತುದಿ ಜೋತುಬಿತ್ತು, ಮಾತು ಪೂರ್ತಿ ಹೋಯಿತು. ಮಾತಷ್ಟೇ ಅಲ್ಲ, ಊಂ ಎನ್ನುವಷ್ಟು ದನಿಯೂ ಇರಲಿಲ್ಲ. ಅಂದಿನಿಂದ ಅವನು ಹಿಂದಿನ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಎದುರು ಕಟ್ಟಡದ ಗೋಡೆ ನೋಡುತ್ತಿದ್ದ. ಆ ಗೋಡೆಗೆ ಬಣ್ಣ ಹಚ್ಚಿದ್ದು ಅವನೇ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಡಾಕ್ಟರಮ್ಮ ಒಬ್ಬರಿದ್ದರು. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಆದರೆ ಅಲ್ಲಿ ಜಾಗ ಕಮ್ಮಿ, ಕಾಯುವವರು ಹೆಚ್ಚು. ಹದಿನೈದು ತಿಂಗಳಲ್ಲಿ ಒಂದು ಸದ್ದೂ ಹೊರಡದವರ ಜಾಗವನ್ನು ಬೇರೆಯವರಿಗೆ ಕೊಡುವುದು ಅಲ್ಲಿಯ ನಿಯಮ. ಇನ್ನು ಎರಡು ವಾರ ಉಳಿದಿದೆ ಎನ್ನುವಾಗ ಅವರು ಚೀಟಿಯಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರು. "ಮಾತೇ ಆಗ್ಬೇಕು ಅಂತಿಲ್ಲಮ್ಮ. ಅವರೇ ಬೇಕು ಅಂತ ಮಾಡಿದ ಒಂದು ಸದ್ದು ಸಾಕು. ಆದರೆ ಅದನ್ನ ನಾನು ನನ್ನ ಕಿವಿಯಿಂದ ಕೇಳ್ಬೇಕು."

ಒಂದು ಸದ್ದು. ಚೀಟಿಯಮ್ಮ ಪ್ರಯತ್ನ ಮಾಡದೆ ಕೂತವಳಲ್ಲ. ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಮನೆಗೂ ತಂದಿದ್ದಳು. ಬಾಗಿಲಿಗೆ 'ಬಾಗಿಲು' ಎಂಬ ಚೀಟಿ, ಲೋಟಕ್ಕೆ 'ಲೋಟ', ಕಿಟಕಿಗೆ, ಕುರ್ಚಿಗೆ, ಬೆಕ್ಕಿಲ್ಲದ ಮನೆಯಲ್ಲಿ ಬೆಕ್ಕಿನ ಚಿತ್ರಕ್ಕೂ ಒಂದು ಚೀಟಿ. ಪ್ರತಿ ಸಂಜೆ ಆರರಿಂದ ಏಳರವರೆಗೆ ಪಾಠ. "ಇದೇನಣ್ಣ? ಲೋ... ಹೇಳು, ಲೋ..." ಎಂದು ಅವಳೇ ನೂರು ಸಲ ಹೇಳುತ್ತಿದ್ದಳು. ಗಿಣಿಗೂ ಯಾರೂ ಇಷ್ಟು ಹೇಳಿಕೊಟ್ಟಿರಲಾರರು. ಅಣ್ಣ ಸ್ವಲ್ಪ ಹೊತ್ತು ಲೋಟ ನೋಡಿ, ಆಮೇಲೆ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದ. ಅವಳಿಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದದ್ದಕ್ಕೆ ಅಳು ಬರುತ್ತಿತ್ತು.

ಹಗಲು ಅವಳು ಕೆಲಸಕ್ಕೆ ಹೋದಾಗ ಕೆಳಗಿನ ಮನೆಯ ಟೈಲರಮ್ಮ ಮಧ್ಯಾಹ್ನಕ್ಕೊಮ್ಮೆ ಮೇಲೆ ಬಂದು ಹಾಲು, ಬ್ರೆಡ್ಡು ತಿನ್ನಿಸಿ ಹೋಗುತ್ತಿದ್ದಳು. ನಲವತ್ತು ವರ್ಷ ಹೊಲಿಗೆಯಂತ್ರ ತುಳಿದು ತುಳಿದು ಅವಳ ಕಿವಿ ಮಂದವಾಗಿತ್ತು. ಮನಸ್ಸು ಮಾತ್ರ ಬೆಣ್ಣೆ. "ನಿಮ್ಮಣ್ಣ ಬಿಸಿ ಹಾಲು ಊದೋ ಹಾಗೆ ತುಟಿ ಮುಂದೆ ಮಾಡ್ತಾರಮ್ಮ, ಲೋಟ ಕೈಯಲ್ಲಿ ಇಲ್ಲದಿದ್ರೂ ಊದ್ತಾರೆ," ಎಂದು ಕಳೆದ ಬೇಸಿಗೆಯಿಂದಲೂ ಹೇಳುತ್ತಿದ್ದಳು. ಹಾಲು ತುಂಬ ಬಿಸಿಯಾಗುತ್ತಿರಬೇಕು ಎಂದುಕೊಂಡ ಚೀಟಿಯಮ್ಮ, ಫ್ಲಾಸ್ಕಿಗೆ ತುಂಬುವ ಮುನ್ನ ಇನ್ನಷ್ಟು ಆರಿಸತೊಡಗಿದಳು.

ಮಾರ್ಚ್ ಕೊನೆಯ ಒಂದು ಮುಂಜಾವು. ಚೀಟಿಯಮ್ಮ ಕನಸಿನಲ್ಲಿ ಚಮಚ ಹುಡುಕುತ್ತಿದ್ದಳು. ಅಡುಗೆಮನೆಯ ಡ್ರಾಯರು ಎಳೆದರೆ ಅದು ಎಳೆದಷ್ಟೂ ಉದ್ದವಾಗಿ ಬರುತ್ತಿತ್ತು, ಒಳಗೆ ಹತ್ತಿಯ ಹಾಸಿನ ಮೇಲೆ ಚಮಚಗಳು ಅಂಗಾತ ಮಲಗಿದ್ದವು, ಪ್ರತಿಯೊಂದಕ್ಕೂ ಚೀಟಿ. ಕೆಳಗೆ ಅಣ್ಣ ಕಾಯುತ್ತಿದ್ದಾನೆ, ಬೇಗ ಒಂದನ್ನು ತೆಗೆದುಕೊಳ್ಳಬೇಕು, ಆದರೆ ಯಾವುದರ ಮೇಲೂ ತಾರೀಖಿಲ್ಲ. ಹಾಗೆ ಹುಡುಕುತ್ತಿರುವಾಗ ಕೇಳಿತು ಶಿಳ್ಳೆ: ಗಿಡ್ಡದೊಂದು, ಏರುವುದೊಂದು, ಉದ್ದದ್ದೊಂದು. ಕಣ್ಣು ತೆರೆದಳು. ಕನಸು ಹೋಗಿತ್ತು, ಶಿಳ್ಳೆ ಹೋಗಿರಲಿಲ್ಲ.

ಬರಿಗಾಲಿನಲ್ಲಿ ಓಡಿ ಹೋಗಿ ನೋಡಿದರೆ ಅಣ್ಣ ಕಣ್ಣು ಮುಚ್ಚಿ ಮಲಗಿದ್ದ. ಕಿಟಕಿಯಲ್ಲಿ ಹಾಲಿನಂಥ ಬೆಳಕು. ಅವಳು ಮಂಚದ ಬಳಿ ಕೂತು ಕಾದಳು, ಏನೂ ಇಲ್ಲ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಅವಳು ತನ್ನ ಹಾಸಿಗೆಯಲ್ಲಿದ್ದಾಗ ಶಿಳ್ಳೆ, ಎದ್ದು ಬರುವಷ್ಟರಲ್ಲಿ ಮೌನ. ನಿದ್ದೆಗಣ್ಣಿನಲ್ಲಿ ಅಣ್ಣನೇ ಹಾಕುತ್ತಿದ್ದಾನೆ, ಎಚ್ಚರವಾದೊಡನೆ ನಿಲ್ಲಿಸುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಆ ಮೂರು ದಿನ ಅವಳು ನೆಲದ ಮೇಲೆ ನಡೆಯಲಿಲ್ಲ. ಬಸ್ಸಿನಲ್ಲಿ ಅಪರಿಚಿತರನ್ನು ನೋಡಿ ನಕ್ಕಳು, ಒಂದು ಮರಕುಟಿಗನಿಗೆ ಗಿಣಿಯ ಚೀಟಿ ಕಟ್ಟಿ ಮತ್ತೆ ಬಿಚ್ಚಿದಳು.

ನಾಲ್ಕನೆಯ ದಿನ ಡಾಕ್ಟರಮ್ಮನಿಗೆ ಹೇಳಿದಳು. ಆ ಪುಣ್ಯಾತ್ಗಿತ್ತಿ ಭಾನುವಾರ ಬೆಳಿಗ್ಗೆ ಆರಕ್ಕೇ ಮನೆಗೆ ಬಂದರು. ಇಬ್ಬರೂ ಅಣ್ಣನ ಕೋಣೆಯ ಬಾಗಿಲಿನಲ್ಲಿ ನಿಂತರು. ಅವನಿಗೆ ಆಗಲೇ ಎಚ್ಚರವಾಗಿತ್ತು. ಮಲಗಿದಲ್ಲಿಂದಲೇ ಕಿಟಕಿ ನೋಡುತ್ತಿದ್ದ. ಶಿಳ್ಳೆ ಬಂತು. ಅಣ್ಣನ ತುಟಿ ಅಲುಗಲಿಲ್ಲ.

"ಅಮ್ಮಾ," ಎಂದರು ಡಾಕ್ಟರಮ್ಮ ಮೆಲ್ಲಗೆ, "ಸದ್ದು ಹೊರಗಡೆಯಿಂದ ಬರ್ತಾ ಇದೆ."

ಎದುರು ಕಟ್ಟಡದ ಆಂಟೆನಾ ಕಂಬದ ತುದಿಯಲ್ಲಿ ಒಂದು ಹಕ್ಕಿ ಕೂತಿತ್ತು. ತಲೆ, ಎದೆ, ಬೆನ್ನು ಹೊಳೆಯುವ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆಯ ಉದ್ದಕ್ಕೆ ಎಳೆದ ಬಿಳಿ ಪಟ್ಟೆ. ಬಾಲವನ್ನು ಬೆನ್ನಿನ ಮೇಲೆ ಸೆಟೆದು ನಿಲ್ಲಿಸಿಕೊಂಡು ಊರೆಲ್ಲ ತನ್ನದೇ ಎಂಬ ಗತ್ತಿನಲ್ಲಿ ಹಾಡುತ್ತಿತ್ತು. ಮಡಿವಾಳ ಹಕ್ಕಿ. ಎಲ್ಲ ಹಿತ್ತಲಲ್ಲೂ ಕಾಣುವ ಹಕ್ಕಿ. ಹೀಗಿದ್ದೂ ಚೀಟಿಯಮ್ಮನಿಗೆ ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು, ಯಾಕೆಂದರೆ ಅವಳ ಡ್ರಾಯರಿನಲ್ಲಿದ್ದ ಮಡಿವಾಳಗಳೆಲ್ಲ ಬಾಲ ಚಾಚಿ ಮಲಗಿದವು, ಬಾಲ ಎತ್ತಿದ ಒಂದನ್ನೂ ಅವಳು ಹತ್ತಿರದಿಂದ ನೋಡಿರಲಿಲ್ಲ. ಮೂವತ್ತೊಂದು ವರ್ಷ ಹಕ್ಕಿಗಳಿಂದಲೇ ಅನ್ನ ತಿಂದವಳು, ಕಿಟಕಿಯಾಚೆಯ ಹಕ್ಕಿಯ ಹಾಡನ್ನು ಅಣ್ಣನದೆಂದು ನಂಬಿ ಡಾಕ್ಟರಮ್ಮನನ್ನೂ ಮನೆಗೆ ಕರೆಸಿದಳಲ್ಲ! ನೆಲ ಬಾಯ್ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದಳು.

ಡಾಕ್ಟರಮ್ಮ ನಗಲಿಲ್ಲ. ಈ ಹಕ್ಕಿ ಕೇಳಿದ ದನಿಗಳನ್ನೆಲ್ಲ ಕಲಿಯುತ್ತದಲ್ಲವೇ ಎಂದು ಕೇಳಿದರು. ಹೌದೆಂದಳು ಚೀಟಿಯಮ್ಮ. ಹಾಗಾದರೆ ನಿಮ್ಮಣ್ಣ ಗಟ್ಟಿಮುಟ್ಟಾಗಿದ್ದಾಗ ಇಷ್ಟು ವರ್ಷ ಮೆಟ್ಟಿಲಲ್ಲಿ ಶಿಳ್ಳೆ ಹಾಕಿದ್ದನ್ನು ಕಲಿತಿರಬೇಕು, ಒಂದು ರೀತಿಯಲ್ಲಿ ಅವರ ದನಿ ಉಳಿದುಕೊಂಡಿದೆ ಎಂದುಕೊಳ್ಳಿ ಎಂದು ಸಮಾಧಾನ ಮಾಡಿದರು. ಗುರುವಾರ ಫೈಲು ಮುಚ್ಚಬೇಕಾಗುತ್ತದೆ ಎಂದೂ ಹೇಳಿ, ಚಪ್ಪಲಿ ಹಾಕಿಕೊಂಡು ಇಳಿದುಹೋದರು. ಅಣ್ಣ ಹಕ್ಕಿಯನ್ನು ನೋಡಿ, ತಂಗಿಯನ್ನು ನೋಡಿದ. ಕಣ್ಣೀರು ಕಾಣಬಾರದೆಂದು ಅವಳು ಬೆನ್ನು ತಿರುಗಿಸಿದ್ದಳು.

ಆಮೇಲಿನ ಬೆಳಗುಗಳು ಕಷ್ಟದವು. ಅಣ್ಣನ ದನಿ ಅಣ್ಣನನ್ನು ಬಿಟ್ಟು ಹೋಗಿ ಆಂಟೆನಾದ ಮೇಲೆ ಕೂತು ಹಾಡುವುದನ್ನು ಅವಳು ಹಾಸಿಗೆಯಲ್ಲಿ ಮಲಗಿ ಕೇಳಬೇಕಿತ್ತು. ಕಿವಿ ಮುಚ್ಚಿಕೊಂಡಳು, ಆಮೇಲೆ ಕೈ ತೆಗೆದಳು. ಮೊದಲ ಸಲ ಒಂದು ಹಕ್ಕಿಯ ಹಾಡನ್ನು ಅವಳು ಗಮನವಿಟ್ಟು ಕೇಳಿದ್ದು ಹೀಗೆ, ಹೊಟ್ಟೆಕಿಚ್ಚಿನಿಂದ. ಅದು ಬೇರೆ ಏನೇನೋ ಹಾಡುತ್ತಿತ್ತು, ನಡುವೆ ಆ ಮೂರು ಸ್ವರ ಬರುತ್ತಿದ್ದವು. ಮೂರನೆಯದು ಕೊನೆಗೆ ಸೋರುತ್ತಿತ್ತು, ಟೈರಿನಿಂದ ಗಾಳಿ ಹೋದ ಹಾಗೆ ಸ್ಸ್ ಎನ್ನುತ್ತಿತ್ತು. ಅಣ್ಣನ ಮೂರನೆಯ ಸ್ವರ ಎಳೆದು ಹಿಡಿದ ದಾರದಷ್ಟು ನೇರ ನಿಲ್ಲುತ್ತಿತ್ತು. ನಕಲು ನಕಲೇ ಎಂದುಕೊಂಡಳು. ಮೂರಾದ ಮೇಲೆ ಹಕ್ಕಿ ತುಸು ಹೊತ್ತು ಸುಮ್ಮನಿರುತ್ತಿತ್ತು. ಬಿಸಿಲೇರಿದ ಮೇಲೆ ನೆಲಕ್ಕಿಳಿದು ಹುಳ ಹೆಕ್ಕುತ್ತಿತ್ತು, ಬಾಲ ಇಳಿಸಿ ಎತ್ತಿ ಕುಪ್ಪಳಿಸುತ್ತಿತ್ತು, ಆಮೇಲೆ ನೇರವಾಗಿ ಅಣ್ಣನ ಕಿಟಕಿಯ ಕಟ್ಟೆಗೆ ಬರುತ್ತಿತ್ತು. ಮಂಗಳವಾರ ಬೆಳಿಗ್ಗೆ ಎರಡು ಅಡಿ ದೂರದಲ್ಲಿ ಕಂಡಿತು. ರೆಕ್ಕೆಯಲ್ಲಿ ಕೆಲವು ಗರಿಗಳು ಕಪ್ಪಿರಲಿಲ್ಲ, ಮಾಸಿದ ಕಂದು. ಧೂಳಿರಬೇಕು ಎಂದುಕೊಂಡು ಅವಳು ಬಸ್ಸಿಗೆ ಓಡಿದಳು.

ಬುಧವಾರ ನಿರ್ದೇಶಕರು ಒಂದು ಹೊಸ ಕೆಲಸ ಹೇಳಿದರು. ಮುಂಭಾಗದ ಪ್ರದರ್ಶನ ಕೊಠಡಿಯಲ್ಲಿ ಮಕ್ಕಳಿಗಾಗಿ ದೊಡ್ಡ ಫಲಕ ಹಾಕಬೇಕು, ನಮ್ಮ ಸುತ್ತಲಿನ ಒಂದು ಹಾಡುಹಕ್ಕಿಯನ್ನು ಗುರುತಿಸುವುದು ಹೇಗೆ ಎಂದು. ಯಾವ ಹಕ್ಕಿ ಎಂದರೆ, ವಿಧಿಯ ಚೇಷ್ಟೆ ನೋಡಿ, ಮಡಿವಾಳ. ರೂಪ, ಹಾಡು, ನಡವಳಿಕೆ ಎಂದು ಮೂರು ತಲೆಬರಹ ಹಾಕಿ ಚೀಟಿಯಮ್ಮ ಪೆನ್ನು ಹಿಡಿದು ಕೂತಳು. 'ಹಾಡು' ಎಂಬಲ್ಲಿಗೆ ಬಂದಾಗ ಕೈ ಓಡಲಿಲ್ಲ. ಅದನ್ನು ಬಿಟ್ಟು, ರೂಪ ಬರೆಯೋಣವೆಂದು ಮಡಿವಾಳಗಳ ಡ್ರಾಯರು ಎಳೆದಳು.

ಹನ್ನೆರಡು ಹಕ್ಕಿ. ಮಬ್ಬು ಬೆಳಕಿನಲ್ಲಿ, ನುಸಿಗುಳಿಗೆಯ ವಾಸನೆಯಲ್ಲಿ, ಹನ್ನೆರಡೂ ಬಾಲ ಚಾಚಿ ಮಲಗಿದ್ದವು. ಐದನೆಯದರ ರೆಕ್ಕೆಯಲ್ಲಿ ಕೆಲವು ಗರಿ ಕಂದು. ಅವಳು ಬೆರಳಿನಿಂದ ಸವರಿದಳು, ಧೂಳಲ್ಲ. ಚೀಟಿ ತಿರುಗಿಸಿದಳು. ತನ್ನದೇ ಅಕ್ಷರ, ಇಪ್ಪತ್ತು ವರ್ಷ ಹಳೆಯದು: 'ಗಂಡು. ಮೊದಲ ವರ್ಷ. ಮರಿಗರಿ ಇನ್ನೂ ಉದುರಿಲ್ಲ.'

ಮೊದಲ ವರ್ಷ.

ದೀಪದ ಬುಡದಲ್ಲೇ ಕತ್ತಲೆ ಎನ್ನುವುದು ಇದಕ್ಕೇ. ಚೀಟಿಯಮ್ಮ ಸ್ಟೂಲಿನ ಮೇಲೆ ಕೂತಳು. ತಲೆ ಚೀಟಿ ಬರೆಯುವ ಹಾಗೆ ಕೆಲಸ ಮಾಡತೊಡಗಿತು. ಯಾವ ಹಕ್ಕಿ? ಮಡಿವಾಳ, ಗಂಡು. ಎಲ್ಲಿಯದು? ಎದುರು ಗೋಡೆಯ ಒಡೆದ ಪೈಪಿನ ತೂತಿನಲ್ಲಿ ಕಳೆದ ಬೇಸಿಗೆಯಲ್ಲಿ ಮರಿಗಳಾಗಿದ್ದವು. ಅಕ್ಕಪಕ್ಕದವರೆಲ್ಲ ಬೈಯುವಷ್ಟು ಗಲಾಟೆ ಮಾಡಿದ್ದವು. ಯಾವ ದಿನ? ಕಳೆದ ವರ್ಷದ ಏಪ್ರಿಲ್ಲು. ಅಣ್ಣ ಬಿದ್ದದ್ದು ಅದಕ್ಕೂ ಮುಂಚಿನ ಜನವರಿಯಲ್ಲಿ. ಈ ಹಕ್ಕಿ ಮೊಟ್ಟೆಯಾಗುವ ಮೊದಲೇ ಮೆಟ್ಟಿಲಿನ ಶಿಳ್ಳೆ ನಿಂತುಹೋಗಿತ್ತು. ಗಟ್ಟಿಮುಟ್ಟಾದ ಅಣ್ಣನನ್ನು ಇದು ಕೇಳಿಯೇ ಇಲ್ಲ.

ಹಾಗಾದರೆ ಯಾರಿಂದ ಕಲಿಯಿತು? ತನ್ನಪ್ಪನಿಂದ ಕಲಿತಿರಬಹುದಲ್ಲ ಎಂದು ಒಂದು ಗಳಿಗೆ ಮನಸ್ಸು ಹಿಂಜರಿಯಿತು. ಆಗ ಆ ಸೋರುವ ಮೂರನೆಯ ಸ್ವರ ನೆನಪಾಯಿತು. ಅಪ್ಪ ಹಕ್ಕಿ ಕಲಿತದ್ದಾಗಿದ್ದರೆ ನೆಟ್ಟಗೆ ನಿಲ್ಲುವ ಸ್ವರವನ್ನು ಕಲಿತಿರುತ್ತಿತ್ತು. ಸ್ಸ್ ಎಂದು ಗಾಳಿ ಹೋಗುವುದು ಬಲತುದಿ ಜೋತುಬಿದ್ದ ಬಾಯಿಂದ. ಹಿಂದೆಯೇ ಟೈಲರಮ್ಮನ ಮಾತು ನೆನಪಾಯಿತು, ಲೋಟ ಇಲ್ಲದಿದ್ದರೂ ಊದ್ತಾರೆ. ಒಂದು ವರ್ಷದಿಂದ ಅಣ್ಣ ಆ ಕಿಟಕಿಯಲ್ಲಿ ಕೂತು ಶಿಳ್ಳೆ ಹಾಕುತ್ತಿದ್ದಾನೆ, ಕೇಳಲಾಗದವಳು ಅದನ್ನು ಕಣ್ಣಾರೆ ಕಂಡು ಹೇಳಿದಳು, ಕೇಳಬೇಕಾದವಳು ಹಾಲು ಆರಿಸಿದಳು. ಚೀಟಿಯಮ್ಮ ಡ್ರಾಯರು ಮುಚ್ಚುವುದನ್ನೂ ಮರೆತು ಹೊರಟಳು. ಮೂವತ್ತೊಂದು ವರ್ಷದಲ್ಲಿ ಅವಳು ಹಾಗೆ ಬಿಟ್ಟು ಹೋದದ್ದು ಅದೇ ಮೊದಲು.

ಮಧ್ಯಾಹ್ನ ಎರಡೂವರೆಯ ಬೀದಿಯನ್ನು ಅವಳು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಅಂಗಡಿಗಳು ಅರ್ಧ ಕದ ಎಳೆದುಕೊಂಡು ತೂಕಡಿಸುತ್ತಿದ್ದವು. ಬಿಸಿಲು ನೀರಿನ ಹಾಗೆ ನಿಂತಿತ್ತು. ಅದರೊಳಗೆ ಈಜಿದಂತೆ ನಡೆದು ಬಂದು ಕಟ್ಟಡದ ಬಾಗಿಲು ದೂಡಿ, ಮೆಟ್ಟಿಲಿನ ಬುಡದಲ್ಲಿ ನಿಂತಳು. ಇಷ್ಟು ವರ್ಷ ಅಣ್ಣ ನಿಲ್ಲುತ್ತಿದ್ದ ಜಾಗ. ಒಳಗೆ ತಂಪು. ಟೈಲರಮ್ಮನ ಯಂತ್ರ ಒಂದು ಸಲ ಓಡಿ ನಿಂತಿತು.

ಮೇಲಿನಿಂದ ಬಂತು. ಗಿಡ್ಡದೊಂದು. ಏರುವುದೊಂದು, ಏರುವಾಗ ನಡುಗಿತು. ಉದ್ದದ್ದೊಂದು, ಕೊನೆಗೆ ಗಾಳಿ ಸೋರಿತು. ಕಿಟಕಿಯಾಚೆ ಹಕ್ಕಿ ಅದನ್ನೇ ತಿರುಗಿ ಹೇಳಿತು. ಆಮೇಲೆ ಇಬ್ಬರೂ ಸುಮ್ಮನಾದರು.

ಆ ಸುಮ್ಮನಿರುವುದು ಏನೆಂದು ಅವಳಿಗೆ ಈಗ ತಿಳಿಯಿತು. ಅದು ಠಣ್‌ಗಾಗಿ ಬಿಟ್ಟ ಜಾಗ. ಹಕ್ಕಿ ಆ ಜಾಗವನ್ನೂ ಸೇರಿಸಿ ಕಲಿತಿತ್ತು. ಮತ್ತೆ ತಾನಿದ್ದಾಗ ಯಾಕೆ ಅವನು ಶಿಳ್ಳೆ ಹಾಕಲಿಲ್ಲ ಎಂಬುದೂ ತಿಳಿಯಿತು. ತಾನು ಮನೆಯಲ್ಲಿದ್ದಷ್ಟು ಹೊತ್ತು ಅಲ್ಲಿ ಪರೀಕ್ಷೆ ನಡೆಯುತ್ತಿತ್ತು. ಹಕ್ಕಿ ಅವನಿಗೆ ಲೋಟ ತೋರಿಸಿ ಲೋ ಎನ್ನಲಿಲ್ಲ. ಸೋರುವ ಸ್ವರವನ್ನು ಸೋರುವ ಹಾಗೇ ಒಪ್ಪಿಕೊಂಡಿತು.

ಅವಳು ಚೀಲಕ್ಕೆ ಕೈ ಹಾಕಿ ಬೀಗದ ಕೈ ತೆಗೆದು, ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಒಂದೇಟು ಹಾಕಿದಳು.

ಠಣ್.

ಮೇಲೆ ಏನೂ ಕೇಳಲಿಲ್ಲ. ತುಂಬ ಹೊತ್ತು ಕೇಳಲಿಲ್ಲ. ಕಂಬಿಯ ನಡುಕ ನೆಲಕ್ಕೆ ತಾಗಿತೋ ಏನೋ, ಟೈಲರಮ್ಮ ಬಾಗಿಲು ತೆರೆದು ಏನಾಯಿತೆಂದು ಕೇಳಲು ಬಾಯಿ ತೆರೆದಳು. ಚೀಟಿಯಮ್ಮ ತುಟಿಯ ಮೇಲೆ ಬೆರಳಿಟ್ಟಳು. ಆಗ ಶಿಳ್ಳೆ ಮತ್ತೆ ಬಂತು, ಈ ಸಲ ಅವಸರದಲ್ಲಿ, ಸ್ವರಗಳು ಒಂದರ ಮೇಲೊಂದು ಬಿದ್ದು, ಉಸಿರು ಸಾಲದೆ ಮೂರನೆಯದು ಅರ್ಧಕ್ಕೇ ಮುಗಿಯಿತು. ಅದು ಹಕ್ಕಿಗಾಗಿ ಹಾಕಿದ ಶಿಳ್ಳೆಯಲ್ಲ.

ಚೀಟಿಯಮ್ಮನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಂದರಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಫೋನು. ಡಾಕ್ಟರಮ್ಮನಿಗೆ ಫೋನು ಹಚ್ಚಿ, ಆ ಕಡೆಯಿಂದ ಹಲೋ ಹಲೋ ಎನ್ನುತ್ತಿದ್ದಂತೆ, ಏನೂ ಹೇಳದೆ ಅದನ್ನು ಮೇಲಕ್ಕೆತ್ತಿ ಹಿಡಿದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟು ಕಂಬಿಗೆ ಹೊಡೆದಳು, ಠಣ್. ಮೇಲಿನಿಂದ ಮೂರು ಸ್ವರ ಇಳಿದುಬಂದವು. ಫೋನಿನಲ್ಲಿ ಹಲೋ ನಿಂತಿತು. ಮತ್ತೆ ಠಣ್, ಮತ್ತೆ ಮೂರು. ಹೀಗೆ ಮೂರನೆಯ ಮಹಡಿಯವರೆಗೆ ಹತ್ತಿದಳು. ಅಷ್ಟು ಮೆಟ್ಟಿಲುಗಳಲ್ಲಿ ಅವಳು ಒಂದೇ ಒಂದು ಮಾತೂ ಆಡಲಿಲ್ಲ.